ಕುದುರೆ ಇದ್ದ ಶಾಲೆ, ಗಿಣ್ಣು ಇದ್ದ ಮನೆ

ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಬೆಲ್ಲ, ಏಲಕ್ಕಿ ಬೆರೆತ ಹಾಲಿನ ವಾಸನೆ ಬಂತು. ಗಿಣ್ಣು. ಹಸು ಕರು ಹಾಕಿದ ಮೊದಲ ದಿನಗಳ ಹಾಲನ್ನು ಬೆಲ್ಲ ಸೇರಿಸಿ ಹಬೆಯಲ್ಲಿ ಬೇಯಿಸಿದರೆ ಗಟ್ಟಿಯಾಗಿ ನಿಲ್ಲುತ್ತದಲ್ಲ, ಅದು. ನಿಮಗೆ ಇದರ ಹೆಸರು ಕೇಳಿದರೇ ಬಾಯಲ್ಲಿ ನೀರು ಬರುತ್ತದೇನೋ. ನನಗೆ ಮಾತ್ರ ಮೊದಲು ಗಂಟಲು ಕಟ್ಟುತ್ತದೆ, ನೀರು ಬರುವುದು ಆಮೇಲೆ. ಈ ಕ್ರಮ ಹೀಗೇಕೆ ತಿರುಗಿತು ಎಂದು ಹೇಳಬೇಕಾದರೆ ಒಂದು ಶಾಲೆಯ ವಿಷಯ ಹೇಳಬೇಕು. ಡಬ್ಬಿ ತಂದವರು ಮುಂದಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದಾರೆ. ಅವರ ಮಾತು ಕೊನೆಗೆ ಆಡೋಣ.

ಬಂಗಾರಪೇಟೆ ದಾಟಿದರೆ, ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ, ಪೂರ್ತಿ ಗಾಜಿನ ಮುಖವಿರುವ ಒಂದು ಕಟ್ಟಡವಿದೆ. ಹೆಸರು ಬೇಡ. ಹೆಸರಿನಲ್ಲಿ ಇಂಟರ್‌ನ್ಯಾಷನಲ್ ಎಂಬ ಪದವಿದೆ. ಯಾವ ಯಾವ ನ್ಯಾಷನ್ನಿನವರು ಇದ್ದಾರೆ ಎಂದು ಮೊದಲ ದಿನ ನಾನೇ ಕುತೂಹಲದಿಂದ ನೋಡಿದೆ. ಗೇಟು ಕಾಯುವವನು ಮಾಲೂರಿನವನು, ಬಸ್ಸಿನ ಡ್ರೈವರ್ ಕುಪ್ಪಂ ಕಡೆಯವನು. ರಾಜ್ಯ ಎರಡು ಸಿಕ್ಕವು. ದೇಶ ಒಂದೇ.

ಅವರ ಬಣ್ಣದ ಪುಸ್ತಕದಲ್ಲಿ ರೋಬೋಟಿಕ್ಸ್ ಇತ್ತು, ಪಿಯಾನೋ ಇತ್ತು, ಧ್ಯಾನವಿತ್ತು, ಮಕ್ಕಳನ್ನು ಜಾಗತಿಕ ಪ್ರಜೆಗಳನ್ನಾಗಿ ಮಾಡುವ ಭರವಸೆಯಿತ್ತು. ಈಜುಕೊಳವೂ ಇತ್ತು. ನಮ್ಮ ಕಡೆ ಟ್ಯಾಂಕರ್ ಬಂದ ಸದ್ದಿಗೆ ಜನ ಬಿಂದಿಗೆ ಹಿಡಿದು ಓಡುತ್ತಾರೆ. ಅಲ್ಲಿ ಅದೇ ಟ್ಯಾಂಕರಿನ ಸದ್ದಿಗೆ ಮಕ್ಕಳು ಟವೆಲ್ ಹಿಡಿದು ಓಡುತ್ತಾರಂತೆ. ಎಲ್ಲಕ್ಕಿಂತ ಮೇಲಾಗಿ ಕುದುರೆ ಸವಾರಿ. ಒಂದೇ ಕುದುರೆ, ಬಿಳಿಯದು. ಪುಸ್ತಕದ ಮುಂದಿನ ಹೊದಿಕೆಯ ಮೇಲೆ ಅದರ ಎಡಮಗ್ಗುಲು, ಹಿಂದಿನ ಹೊದಿಕೆಯ ಮೇಲೆ ಬಲಮಗ್ಗುಲು.

ನನ್ನ ತಂಗಿ ಸುಜಾತಳ ಮಗಳು ಹರ್ಷಿತ ಆ ಕುದುರೆಯನ್ನು ನೋಡಿದಳು. ಒಂದನೇ ಕ್ಲಾಸಿಗೆ ಸೇರುವ ವಯಸ್ಸು. ಎರಡೂ ಕುದುರೆ ಬೇಕೆಂದಳು.

ಸುಜಾತಳ ಗಂಡ ನಾರಾಯಣಸ್ವಾಮಿ ಕಾಮಸಮುದ್ರದ ರಸ್ತೆಯಲ್ಲಿರುವ ಒಂದು ಹಳ್ಳಿಯವನು. ಬೆಳಿಗ್ಗೆ ರೈಲು ಹತ್ತಿ ಕಾರ್ಖಾನೆಯ ಕೆಲಸಕ್ಕೆ ಹೋಗುತ್ತಾನೆ. ಮನೆಯಲ್ಲಿ ಹೊಲ, ಹಸು. ಹಸುಗಳೆಲ್ಲ ಅವನ ತಾಯಿ ಮುನಿಯಮ್ಮನವರ ಕೈಯಲ್ಲಿ. ಮೊಮ್ಮಗಳೂ ಅವರ ಕೈಯಲ್ಲೇ. ಹರ್ಷಿತ ಮಾತು ಕಲಿತದ್ದು ಕೊಟ್ಟಿಗೆಯಲ್ಲಿ, ಅಜ್ಜಿ ಹಾಲು ಕರೆಯುವಾಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು. ಇನ್ನು ನಾನು ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನವನು, ಬಂಗಾರಪೇಟೆಯ ಒಂದು ಆಫೀಸಿನಲ್ಲಿ ಗುಮಾಸ್ತ. ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲೆ ಎಂಬ ಒಂದೇ ಕಾರಣಕ್ಕೆ ನೆಂಟರಲ್ಲಿ ನನಗೆ ಪಂಡಿತನ ಸ್ಥಾನ. ಬರೆಯಬಲ್ಲೆ, ನಿಜ. ಆ ಭಾಷೆಯಲ್ಲಿ ಯಾರಾದರೂ ಮಾತಾಡಿಸಿದರೆ ಬೆವರುತ್ತೇನೆ. ಆದ್ದರಿಂದ ಸಂದರ್ಶನಕ್ಕೆ ನನ್ನನ್ನೂ ಕರೆದುಕೊಂಡು ಹೋದರು.

ಮಗುವಿನ ಪರೀಕ್ಷೆ ಬೇಗ ಮುಗಿಯಿತು. ಏನಾದರೂ ಬರಿ ಎಂದರು, ಕುದುರೆ ಬರೆದಳು. ಆಮೇಲೆ ಅಪ್ಪ ಅಮ್ಮನ ಪರೀಕ್ಷೆ ಶುರುವಾಯಿತು. ಅಡ್ಮಿಷನ್ ನೋಡಿಕೊಳ್ಳುವ ಮೇಡಂ ಒಳ್ಳೆಯ ಹೆಂಗಸು. ಧ್ವನಿ ಏರಿಸಲಿಲ್ಲ, ಗಡಿಯಾರ ನೋಡಲಿಲ್ಲ. ನಿಮ್ಮ ಪೇರೆಂಟಿಂಗ್ ಫಿಲಾಸಫಿ ಏನು ಎಂದು ಕೇಳಿದರು.

ನಾರಾಯಣಸ್ವಾಮಿ ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿದ್ದ ಕುದುರೆಯ ಮುಖ ನೋಡಿದೆ.

"ನೋ ಬ್ಯಾಡ್ ಹ್ಯಾಬಿಟ್ಸ್, ಮೇಡಂ" ಎಂದ ಅವನು. "ಬೀಡಿ ಕೂಡ ಇಲ್ಲ."

ರಜೆಯ ದಿನ ಕುಟುಂಬವೆಲ್ಲ ಸೇರಿ ಏನು ಮಾಡುತ್ತೀರಿ ಎಂದು ಸುಜಾತಳನ್ನು ಕೇಳಿದರು. ಅವಳು ಮೆಲ್ಲಗೆ ನನ್ನ ಕಡೆ ಬಾಗಿ, "ಅವತ್ತು ತಿಪ್ಪೆಯಿಂದ ಗೊಬ್ಬರ ಒರ್ತೀವಲ್ಲ, ಅದುನ್ನ ಯೋಳ್ಲಾ ಅಣ್ಣ?" ಎಂದಳು. ನಾನು "ಗಾರ್ಡನಿಂಗ್" ಎಂದೆ. ಮೇಡಂಗೆ ಅದು ತುಂಬ ಹಿಡಿಸಿತು.

ಆಮೇಲೆ ಕುಟುಂಬಗಳಿಂದ ಶಾಲೆಯ ನಿರೀಕ್ಷೆಗಳನ್ನು ವಿವರಿಸಿದರು. ಮನೆಯಲ್ಲಿ ಸದಾ ಇಂಗ್ಲಿಷ್. ಓದಲು ಒಂದು ಮೂಲೆ. ಊಟದ ಡಬ್ಬಿಯಲ್ಲಿ ಘಾಟು ವಾಸನೆಯ ಪದಾರ್ಥ ಕೂಡದು, ಅಂದರೆ ನಮ್ಮ ಹುರುಳಿ ಸಾರು ಹೋಯಿತು. ಕೈಗೆ ಅಂಟುವುದು ಕೂಡದು, ಮುದ್ದೆಯೂ ಹೋಯಿತು. ಕೊನೆಗೆ, ಇಂಗ್ಲಿಷ್ ಬಾರದ ಹಿರಿಯರು ಯಾರಾದರೂ ಮನೆಯಲ್ಲಿದ್ದು ಮಗುವನ್ನು ನೋಡಿಕೊಳ್ಳುತ್ತಾರಾ ಎಂದು ಕೇಳಿದರು. ಅಂಥವರಿಂದ ಮಗುವಿನ ಉಚ್ಚಾರಣೆ ಕೆಡುತ್ತದಂತೆ.

"ನೋ, ಮೇಡಂ" ಎಂದ ನಾರಾಯಣಸ್ವಾಮಿ. "ನೋಬಡಿ, ಮೇಡಂ."

ಅಷ್ಟು ಚುರುಕಾದ ಇಂಗ್ಲಿಷನ್ನು ಅವನು ಅದಕ್ಕೆ ಮೊದಲು ಆಡಿರಲಿಲ್ಲ, ಆಮೇಲೂ ಆಡಿಲ್ಲ. ಮೇಡಂ ನಕ್ಕು, ಹಾಗಾದರೆ ಮುಂದಿನ ವಾರ ನಿಮ್ಮ ಮನೆಗೆ ಬಂದು ವಾತಾವರಣ ನೋಡುತ್ತೇವೆ ಎಂದರು.

ವಿಷಯ ಕೇಳಿ ಮುನಿಯಮ್ಮ ಕೋಪ ಮಾಡಿಕೊಳ್ಳಲಿಲ್ಲ. ಬೂಸ ಕಲೆಸುತ್ತಿದ್ದ ಕೈ ನಿಲ್ಲಿಸಿ, "ಏನ್ಲಾ, ಒಂದ್ ಸಾಯಂಕಾಲದ್ ಮಟ್ಟಿಗೆ ಸತ್ತೋಗ್ಲಾ?" ಎಂದು ಮಗನನ್ನು ಕೇಳಿದರು.

"ಅಂಗಲ್ಲ ಕಣಮ್ಮಾ. ಕಾಮಸಮುದ್ರುಕ್ಕೆ ಅಕ್ಕನ ಮನೆಗೆ ಓಗ್ ಬಂದ್ಬಿಡು."

"ಅಸು ಇವತ್ತೋ ನಾಳೆಯೋ ಅಂತ ನಿಂತೈತೆ. ತಡ್ಕೊ ಅಂತ ಅದುಕ್ಕೂ ಇಂಗ್ಲೀಸ್ನಾಗೆ ಯೋಳ್ತೀಯಾ?"

ಕೊನೆಗೆ ರಾಜಿಯಾಯಿತು. ಅವರು ಬಂದು ಹೋಗುವ ತನಕ ಮುನಿಯಮ್ಮ ಹಿತ್ತಲಿನ ಕೊಟ್ಟಿಗೆಯಲ್ಲಿ ಇರುವುದು, ಈಚೆ ಬರದಿರುವುದು. ಪಕ್ಕದ ಮನೆಯ ಸೋಫಾ ಸುಜಾತಳ ಮನೆಗೆ ಬಂತು. ಓದುವ ಮೂಲೆಗೆ ರಾಬರ್ಟ್‌ಸನ್‌ಪೇಟೆಯ ಗುಜರಿ ಅಂಗಡಿಯಿಂದ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳನ್ನು ಗೋಣಿಚೀಲದಲ್ಲಿ ತಂದೆ. ಯಾವುದೋ ಕಾಲದ ಗಣಿ ಅಧಿಕಾರಿಯ ಮನೆಯವು. ಜೋಡಿಸುವಾಗ ನೋಡಿದರೆ ಹೆಚ್ಚಿನವು ಬಾಯ್ಲರ್ ಮತ್ತು ಪಂಪ್ ರಿಪೇರಿಯ ಪುಸ್ತಕಗಳು.

ಹರ್ಷಿತಳಿಗೆ ತಾಲೀಮು ಬೇರೆ ನಡೆಯಿತು. ಮನೆಯಲ್ಲಿ ಯಾರು ಯಾರು ಇದ್ದೀರಿ ಎಂದು ಅವಳಪ್ಪ ಇಂಗ್ಲಿಷಿನಲ್ಲಿ ಕೇಳುವುದು, ಅವಳು ಹೇಳುವುದು. ಮೊದಲ ಸಲ "ಪಪ್ಪ, ಮಮ್ಮಿ, ಅಜ್ಜಿ" ಎಂದಳು. "ಅಜ್ಜಿ ಅಂದ್ರೆ ಕುದುರೆ ಇಲ್ಲ" ಎಂದ ಅವಳಪ್ಪ. ಮಗು ಯೋಚಿಸಿತು. ಎರಡನೆಯ ಸಲ ಅಜ್ಜಿ ಇರಲಿಲ್ಲ.

ಮೇಡಂ ಬರುವ ಹಿಂದಿನ ದಿನ ಹಸು ಕರು ಹಾಕಿತು.

ಭೇಟಿ ಚೆನ್ನಾಗಿಯೇ ನಡೆಯಿತು. ಮೇಡಂ ಜೊತೆ ಟ್ಯಾಬ್ಲೆಟ್ ಹಿಡಿದ ಒಬ್ಬ ಯುವಕ ಇದ್ದ. ಮೇಡಂ ಓದುವ ಮೂಲೆಯಿಂದ ಒಂದು ಪುಸ್ತಕ ತೆಗೆದು, ಬಾಯ್ಲರಿನ ಚಿತ್ರ ನೋಡಿ, ಮಗುವಿಗೆ ಈಗಿನಿಂದಲೇ ವಿಜ್ಞಾನದ ಒಲವು ಬೆಳೆಸುತ್ತಿದ್ದೀರಿ ಎಂದು ಹೊಗಳಿದರು. ಸುಜಾತ ಬಿಸ್ಕತ್ತು ಕೊಟ್ಟಳು. ಹರ್ಷಿತ ಕೇಳಿದ್ದಕ್ಕೆಲ್ಲ ಹೇಳಿಕೊಟ್ಟಂತೆ ಉತ್ತರಿಸಿದಳು. ಅವರು ಎದ್ದು ಚಪ್ಪಲಿ ಹಾಕಿಕೊಳ್ಳತೊಡಗಿದರು. ನಾರಾಯಣಸ್ವಾಮಿಯ ಭುಜ ಇಳಿದದ್ದನ್ನು ನಾನು ಕಂಡೆ.

ನಾವು ಮರೆತದ್ದು ಒಂದೇ. ಕರು ಹಾಕಿದ ಮನೆಗೆ ಬಂದವರನ್ನು ಗಿಣ್ಣು ಕೊಡದೆ ಕಳಿಸುವ ಪದ್ಧತಿ ಮುನಿಯಮ್ಮನವರಲ್ಲಿ ಇಲ್ಲ. ಕರೆಂಟ್ ಮೀಟರ್ ನೋಡಲು ಬಂದವನನ್ನೂ ಕೂರಿಸಿ ತಿನ್ನಿಸಿದವರು. ಗಿಣ್ಣು ಕಾಣದೆ ನೆಂಟರು ಹೊಸ್ತಿಲು ದಾಟಿದರೆ ಹಸುವಿನ ಕೆಚ್ಚಲು ಬತ್ತುತ್ತದೆ ಎಂದು ನಂಬಿದವರು. ಕೊಟ್ಟಿಗೆಯಲ್ಲಿ ಕೂತಿದ್ದ ಆಕೆಗೆ ಚಪ್ಪಲಿಯ ಸದ್ದು ಕೇಳಿಸಿತು.

ನಾನು ಹಿಂಬಾಗಿಲ ಪಕ್ಕದಲ್ಲೇ ನಿಂತಿದ್ದೆ. ಆದ್ದರಿಂದ ಇಲ್ಲಿಂದ ಮುಂದಿನದನ್ನು ನೋಡಿದ ಹಾಗೆಯೇ ಹೇಳುತ್ತೇನೆ. ಮುನಿಯಮ್ಮ ಎರಡು ಕೈಯಲ್ಲಿ ಎರಡು ತಟ್ಟೆ ಹಿಡಿದು ಒಳಗೆ ಬಂದರು. ಕೈ ತೊಳೆದಿದ್ದರು, ಮುಂಗೈ ಇನ್ನೂ ಒದ್ದೆಯಿತ್ತು. ತಲೆಗೂದಲಲ್ಲಿ ಒಣಹುಲ್ಲಿನ ಎಳೆಯೊಂದು ಸಿಕ್ಕಿಕೊಂಡಿತ್ತು. "ತಿನ್ಕೊಂಡೋಗಿ ತಾಯಿ, ಅಸು ಕರು ಆಕೈತೆ" ಎಂದರು.

ಮೇಡಂ ಅವರನ್ನು ನೋಡಿದರು. ಆಮೇಲೆ ಹರ್ಷಿತಳ ಕಡೆ ತಿರುಗಿ, ಅವಳ ಇಂಗ್ಲಿಷನ್ನು ಇನ್ನೊಂದು ಸಲ ನೋಡಿಬಿಡೋಣ ಎಂಬಂತೆ, "ಹೂ ಈಸ್ ದಿಸ್?" ಎಂದು ಕೇಳಿದರು.

ಮಗು ಅಪ್ಪನನ್ನು ನೋಡಿತು. ಅಪ್ಪ ನೆಲ ನೋಡುತ್ತಿದ್ದ. ಮಗು ಕೈಯೆತ್ತಿ ಕೊಟ್ಟಿಗೆಯ ಕಡೆ ಬೆರಳು ತೋರಿಸಿತು.

"ಶಿ ಕಮ್ಸ್ ಫಾರ್ ದ ಕೌ."

ಹಸುವಿನ ಕೆಲಸಕ್ಕೆ ಬರುವವಳು. ಅದನ್ನು ನಾವು ಯಾರೂ ಹೇಳಿಕೊಟ್ಟಿರಲಿಲ್ಲ. ಹರ್ಷಿತ ತಾನಾಗಿ ಕಟ್ಟಿದ ಮೊದಲ ಇಂಗ್ಲಿಷ್ ವಾಕ್ಯ ಅದು.

ಮುನಿಯಮ್ಮನವರಿಗೆ ಮಾತು ಅರ್ಥವಾಯಿತೋ, ಬೆರಳು ಅರ್ಥವಾಯಿತೋ, ನನಗೆ ಗೊತ್ತಿಲ್ಲ. ಎರಡು ತಟ್ಟೆಗಳೂ ಅಲುಗಲಿಲ್ಲ. ಮೇಡಂ ಈಗ ಕನ್ನಡಕ್ಕೆ ಬಂದು, ಬಹಳ ಮೃದುವಾಗಿ, "ಎಷ್ಟು ವರ್ಷದಿಂದ ಕೆಲಸ ಮಾಡ್ತಿದ್ದೀರಿ ಇವರ ಮನೇಲಿ?" ಎಂದರು.

"ಮದ್ವೆ ಆದಾಗ್ನಿಂದ, ತಾಯಿ."

"ಚೆನ್ನಾಗಿ ನೋಡ್ಕೊಳ್ತಾರಾ?"

"ಊಟ ಆಕ್ತಾರೆ. ಯುಗಾದಿಗೆ ಸೀರೆ ಕೊಡುಸ್ತಾರೆ."

ಒಂದೂ ಸುಳ್ಳಲ್ಲ, ಗಮನಿಸಿ. ಮೇಡಂ ಗಿಣ್ಣು ತಿಂದರು, ಇದು ಆರ್ಗ್ಯಾನಿಕ್ಕಾ ಎಂದು ವಿಚಾರಿಸಿದರು, ಯುವಕ ತಟ್ಟೆಯ ಫೋಟೋ ತೆಗೆದ. ಹೊರಡುವಾಗ ಮೇಡಂ ನಾರಾಯಣಸ್ವಾಮಿಯ ಕೈ ಕುಲುಕಿ, ಕೆಲಸದವರನ್ನೂ ನೀವು ಮನೆಯವರ ಹಾಗೆಯೇ ಇಟ್ಟುಕೊಂಡಿದ್ದೀರಿ, ಕುಟುಂಬಗಳಿಂದ ನಮ್ಮ ಶಾಲೆ ಬಯಸುವುದು ಇಂಥ ಮೌಲ್ಯಗಳನ್ನೇ ಎಂದರು. ಸೀಟು ಸಿಕ್ಕಿತು.

ಕುದುರೆಯ ವಿಷಯವನ್ನೂ ಮುಗಿಸಿಬಿಡುತ್ತೇನೆ. ಅದು ಮದುವೆ ಮೆರವಣಿಗೆಗೆ ಬಾಡಿಗೆಗೆ ಹೋಗುವ ಕುದುರೆ. ಲಗ್ನದ ತಿಂಗಳುಗಳಲ್ಲಿ ಸವಾರಿ ತರಗತಿ ಇರುತ್ತಿರಲಿಲ್ಲ. ಹರ್ಷಿತ ಅದರ ಮೇಲೆ ಕೂತದ್ದು ಒಂದು ಸಲ, ವಾರ್ಷಿಕೋತ್ಸವದ ಫೋಟೋಗೆ. ಅಷ್ಟು ಹೊತ್ತೂ ಅತ್ತಳು. ಮರುವರ್ಷ ಕುದುರೆ ಬರಲಿಲ್ಲ, ಶುಲ್ಕ ಮಾತ್ರ ಬಂತು.

ನನ್ನನ್ನು ಅಲುಗಾಡಿಸಿದ್ದು ಆ ಸಂಜೆಗಿಂತಲೂ ಆಮೇಲಿನದು. ಒಂದು ಭಾನುವಾರ ನಾನು ಅಲ್ಲಿದ್ದಾಗ ಹರ್ಷಿತಳ ಕ್ಲಾಸಿನ ಹುಡುಗಿಯೊಬ್ಬಳು ಅಪ್ಪ ಅಮ್ಮನ ಜೊತೆ ಕಾರಿನಲ್ಲಿ ಬಂದಳು. ಕಾರು ನಿಂತ ಸದ್ದಿಗೆ ಮುನಿಯಮ್ಮ ಊಟದ ತಟ್ಟೆ ಎತ್ತಿಕೊಂಡು ಕೊಟ್ಟಿಗೆಗೆ ಹೋದರು. ಯಾರೂ ಹೇಳಿರಲಿಲ್ಲ. ನಾನು ಹಿಂದೆ ಹೋಗಿ "ಯಾಕಮ್ಮಾ?" ಎಂದೆ. "ಡ್ಯೂಟಿ ಟೈಮು ಕಣಪ್ಪ" ಎಂದರು. ಶೂಸು ಹಾಕಿದವರು ಯಾರು ಬಂದರೂ ಹೀಗೇ ಎಂದು ಸುಜಾತ ಹೇಳಿದಳು. ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ.

ಹರ್ಷಿತ ಈಗ ಎಂಟನೇ ಕ್ಲಾಸು. ಕಳೆದ ವಾರ ಶಾಲೆಯಿಂದ ಫೋನಿಗೆ ಸಂದೇಶ ಬಂತು. ಬೇರುಗಳ ಸಪ್ತಾಹವಂತೆ. ಮಕ್ಕಳು ತಮ್ಮ ಅಜ್ಜಿಯನ್ನೋ ತಾತನನ್ನೋ ಕರೆತಂದು ವೇದಿಕೆಯ ಮೇಲೆ ಪರಿಚಯಿಸಬೇಕು, ಅವರು ಹಳ್ಳಿಯ ಉಡುಪಿನಲ್ಲಿ ಬಂದು ಹಳ್ಳಿಯ ಮಾತಿನಲ್ಲೇ ಕಥೆ ಹೇಳಬೇಕು. ಕಡ್ಡಾಯ. ಉಚ್ಚಾರಣೆ ಕೆಡಿಸುತ್ತಿದ್ದವರು ಈಗ ಪಠ್ಯಕ್ರಮದಲ್ಲಿ ಸೇರಿದ್ದರು.

ನಾರಾಯಣಸ್ವಾಮಿ ಫೋನ್ ಮಾಡಿದ. "ಬಾವಾ, ನಿಮ್ಮತ್ತೆ ರಿಟೈರ್ಡ್ ಎಡ್‌ಮೇಡಂ ಅಲ್ವಾ, ಒಂದ್ ದಿನುಕ್ಕೆ ಅಜ್ಜಿಯಾಗಿ ಬತ್ತಾರಾ ಕೇಳಿ. ಅವತ್ತು ಮನೆಗೆ ಬಂದಿದ್ರಲ್ಲ, ಆ ಮೇಡಂ ಈಗ ಪ್ರಿನ್ಸಿಪಾಲು. ಅಮ್ಮನ್ನ ನೋಡುದ್ರೆ ಗುರ್ತಿಡಿದ್ಬುಡ್ತಾರೆ."

ಅವನ ಹಿಂದಿನಿಂದ ಮುನಿಯಮ್ಮನವರ ದನಿ ಕೇಳಿಸಿತು. "ಬಾಡಿಗೆ ಏಟು ಅಂತ ಕೇಳ್ಲಾ. ಕುದುರೆಗಿನ್ನ ಕಮ್ಮಿ ಇರ್ಲಿ."

ನಾನು ನಮ್ಮತ್ತೆಯನ್ನು ಕೇಳಲಿಲ್ಲ. ಕೇಳುವುದಿಲ್ಲವೆಂದೂ ಅವನಿಗೆ ಹೇಳಲಿಲ್ಲ. ಆ ಕಾರ್ಯಕ್ರಮ ಇವತ್ತು.

ಇವತ್ತು ಬೆಳಿಗ್ಗೆ ಬಾಗಿಲು ತಟ್ಟಿದ್ದು ಹರ್ಷಿತ. ಯೂನಿಫಾರ್ಮಿನಲ್ಲಿದ್ದಳು, ಟೈ ಬಿಚ್ಚಿ ಜೇಬಿನಲ್ಲಿ ತುರುಕಿದ್ದಳು. ಹಿಂದೆ ಡಬ್ಬಿ ಹಿಡಿದು ಮುನಿಯಮ್ಮ. ಶಾಲೆಯ ಬಸ್ಸು ಹತ್ತದೆ ಇಬ್ಬರೂ ಬಂಗಾರಪೇಟೆಗೆ ಬಂದು ನಮ್ಮ ಕಡೆ ಬರುವ ಮಾರಿಕುಪ್ಪಂ ರೈಲು ಹಿಡಿದಿದ್ದರು.

"ಅಪ್ಪನಿಗೆ ಫೋನ್ ಮಾಡ್ಬೇಡಿ ಮಾಮ" ಎಂದಳು.

"ಅಜ್ಜೀನ ಶಾಲೆಗೇ ಕರ್ಕೊಂಡು ಹೋಗಬಹುದಿತ್ತಲ್ಲೇ?"

"ಕರುದೆ. ಬರಲ್ಲ ಅಂದ್ರು. ಬೇರೆ ಅಜ್ಜಿ ಜೊತೆ ನಾನು ಓಗಲ್ಲ."

"ನಾನ್ಯಾಕೆ ಓಗ್ಲಿ?" ಎಂದರು ಮುನಿಯಮ್ಮ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ. "ನಾನು ಇವ್ಳ ಅಜ್ಜಿ ಅಂತ ಈ ವಯಸ್ನಾಗೆ ಪರೀಕ್ಸೆ ಕೊಡ್ಲಾ? ಫೇಲ್ ಮಾಡ್ಬುಟ್ರೆ?"

ಇಬ್ಬರನ್ನೂ ಕೂರಿಸಿ ಒಳಗೆ ಬಂದು ಡಬ್ಬಿ ತೆರೆದೆ. ಅಲ್ಲಿಂದಲೇ ನಿಮ್ಮ ಜೊತೆ ಮಾತು ಶುರುವಾದದ್ದು.

ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಗಟ್ಟಿಯಾಗಿತ್ತು, ಅಂಚಿನಲ್ಲಿ ಬಿರುಕು. ಮುನಿಯಮ್ಮನವರ ಕೈಯದಲ್ಲ ಎಂದು ತಿಳಿಯಿತು. ಹೊರಗೆ ಬಂದಾಗ ಹರ್ಷಿತ ನನ್ನ ಬಾಯನ್ನೇ ನೋಡುತ್ತಿದ್ದಳು.

"ಸ್ವಲ್ಪ ಗಟ್ಟಿ" ಎಂದೆ.

"ಎಲ್‌ಕೆಜಿ ಕಣಪ್ಪ, ಇನ್ನೂ" ಎಂದರು ಮುನಿಯಮ್ಮ. "ಅಡ್ಮಿಸನ್ ಕೊಟ್ಟಿವ್ನಿ. ಪಾಸಾಗೋದು ಅವ್ಳ ಕಷ್ಟ."

ಪಕ್ಕದ ಮನೆಯವರಿಗೂ ಕೊಟ್ಟು ಬಾ ಎಂದು ಹರ್ಷಿತಳ ಕೈಯಲ್ಲಿ ತಟ್ಟೆ ಕೊಟ್ಟರು. ಅವಳು ಕಾಂಪೌಂಡಿನ ಮೇಲಿಂದ ಚಾಚಿದಳು. ಪಕ್ಕದ ಮನೆಯ ಸೆಲ್ವಿಯಕ್ಕ ತಟ್ಟೆ ತೆಗೆದುಕೊಂಡು, ನಮ್ಮ ಕಿಟಕಿಯೊಳಗೆ ಇಣುಕಿ, ತಮ್ಮ ತಮಿಳು ಬೆರೆತ ಕನ್ನಡದಲ್ಲಿ, "ಯಾರು ಕಣ್ಣಮ್ಮ ಅದು, ಒಳಗಡೆ ಕೂತಿರೋದು?" ಎಂದರು.

ನಾನು ಅಗಿಯುವುದನ್ನು ನಿಲ್ಲಿಸಿದೆ.

"ನಮ್ಮಜ್ಜಿ" ಎಂದಳು ಹರ್ಷಿತ. ರಸ್ತೆಯಲ್ಲಿ ಹೋಗುವವರಿಗೂ ಕೇಳಿಸುವಷ್ಟು ಜೋರಾಗಿ.

"ಏ, ಕೆಲಸ್ದೋಳು ಅಂತ ಯೋಳೇ!" ಎಂದು ಮುನಿಯಮ್ಮ ಒಳಗಿನಿಂದಲೇ ಕೂಗಿದರು. "ಸಂಬಳನಾದ್ರೂ ಕೇಳ್ಬೌದು!"

ಸೆಲ್ವಿಯಕ್ಕ ನಕ್ಕರು. ನಾನೂ ನಕ್ಕೆ. ಹರ್ಷಿತ ನಗಲಿಲ್ಲ. ಒಳಗೆ ಬಂದು ಅಜ್ಜಿಯ ಪಕ್ಕದಲ್ಲಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು. ನನ್ನ ಜೇಬಿನಲ್ಲಿ ಫೋನು ನಡುಗುತ್ತಿತ್ತು, ನಾರಾಯಣಸ್ವಾಮಿಯದೇ ಇರಬೇಕು. ತೆಗೆಯಲಿಲ್ಲ. ಇನ್ನೊಂದು ತುಂಡು ತೆಗೆದುಕೊಂಡೆ. ಇಷ್ಟು ಹೊತ್ತು ಗಂಟಲು ಕಟ್ಟಿರಲಿಲ್ಲ ಎಂಬುದು ಆಗ ಗಮನಕ್ಕೆ ಬಂತು. ಬಂದ ಕೂಡಲೇ ಕಟ್ಟಿತು.