ಎಚ್ಚರಿಕೆ ನೋಡಿದ್ದಕ್ಕೇ ಬಂದದ್ದು

ಕಳೆದ ಜನವರಿಯ ಒಂದು ಬೆಳಿಗ್ಗೆ ದುಬೈಯ ನಮ್ಮ ರೂಮಿನಲ್ಲಿ ಮೊಬೈಲುಗಳೆಲ್ಲ ಒಟ್ಟಿಗೇ ಕಿರುಚಿಕೊಂಡವು. ಉತ್ತರದ ರಾಸ್ ಅಲ್ ಖೈಮಾ ಬೆಟ್ಟಗಳಲ್ಲಿ ಆಲಿಕಲ್ಲು ಮಳೆಯಾಗಬಹುದು, ಆ ಕಡೆ ಯಾರೂ ಹೋಗಬೇಡಿ ಎಂಬ ಎಚ್ಚರಿಕೆ. ಓದಿ ಮುಗಿಸುವಷ್ಟರಲ್ಲಿ ನನ್ನ ರೂಮ್‌ಮೇಟ್, ಅಣ್ಣನಂಥ ಹಮೀದಾಕ, ಕಾರಿನ ಕೀ ಹಿಡಿದು ನಿಂತಿದ್ದರು. ದೇರಾದ ಮೀನು ಮಾರ್ಕೆಟ್ಟಿನಲ್ಲಿ ದಿನವಿಡೀ ಐಸಿನೊಳಗೆ ಕೈಯಿಟ್ಟು ದುಡಿಯುವ ಮನುಷ್ಯ.

"ನಿಮಗೆ ಐಸ್ ನೋಡಿ ಸಾಕಾಗಲಿಲ್ವಾ?" ಎಂದೆ.

"ಅದು ಲಾರಿಯಲ್ಲಿ ಬರುವುದು ಮಾರಾಯ. ಇದು ಆಕಾಶದಿಂದ!"

ಬೆಟ್ಟದ ಬುಡದಲ್ಲಿ ಪೊಲೀಸನೊಬ್ಬ ಕಾರು ತಡೆದ. ಮೇಲೆ ರಸ್ತೆಗೆ ಬಂಡೆ ಉರುಳಿತ್ತಂತೆ. "ವಾರ್ನಿಂಗ್ ನೋಡಲಿಲ್ಲವಾ?" ಎಂದು ಹಿಂದಿಯಲ್ಲಿ ಗದರಿದ.

"ನೋಡಿದೆವು ಸಾರ್. ನೋಡಿದ್ದಕ್ಕೇ ಬಂದದ್ದು," ಎಂದರು ಹಮೀದಾಕ, ಬಹಳ ವಿನಯದಿಂದ.

ಅವನು ಕಾರು ತಿರುಗಿಸುವಂತೆ ಕೈ ಬೀಸುತ್ತಿದ್ದಾಗಲೇ ಕಾರಿನ ಮೇಲೆ ಟಪಟಪ ಆಲಿಕಲ್ಲು ಬಿದ್ದವು. ಹಮೀದಾಕ ಹೊರಗೆ ಹಾರಿ ಎರಡೂ ಕೈ ಚಾಚಿದರು. ಆದರೆ ಮೊದಲು ಬಂದದ್ದು ಕೈಗಲ್ಲ, ಅವರ ಬೋಳುತಲೆಗೇ ಬಡಿಯಿತು. "ಅಲ್ಲಾ!" ಎಂದು ಕೂಗಿ, ತಲೆ ಉಜ್ಜಿಕೊಳ್ಳುತ್ತಾ ಮಗುವಿನಂತೆ ನಕ್ಕರು.

"ಯಲ್ಲಾ, ನಡೀರಿ, ಕಾರೊಳಗೆ ಹೋಗಿ!" ಪೊಲೀಸ್ ಅರಚಿದ. ಆಮೇಲೆ ಅತ್ತಿತ್ತ ನೋಡಿ, ಅಂಗೈಯಲ್ಲಿ ಒಂದು ಆಲಿಕಲ್ಲು ಹಿಡಿದು, ತನ್ನ ಮೊಬೈಲನ್ನು ನನ್ನ ಕೈಗಿಟ್ಟ. "ಒಂದು ಫೋಟೋ. ಬೇಗ."

ಕಾರು ತಿರುಗಿಸಿ ಹೊರಟೆವು. ಎದುರಿನಿಂದ ಬೆಟ್ಟದ ಕಡೆ ಬರುತ್ತಿದ್ದ ಕಾರುಗಳ ಸಾಲು ನೋಡಿದರೆ, ಎಚ್ಚರಿಕೆ ದುಬೈಯಲ್ಲಿ ಎಲ್ಲರಿಗೂ ಸರಿಯಾಗಿ ತಲುಪಿದಂತಿತ್ತು.