ಕಾಕಾನ ಸ್ವೆಟರಿನಲ್ಲಿ ಆದಿಕಾಂಡ

ನನ್ನ ದಡ್ಡತನವನ್ನು ಮೊದಲೇ ಹೇಳಿಬಿಡುತ್ತೇನೆ. ನೀವಾಗಿ ಕಂಡುಹಿಡಿದರೆ ನನಗೇ ಅವಮಾನ. ಕಣ್ಣಿಗೆ ಪೊರೆ ಬಂದ ನನ್ನ ಆಯಿಯ ಮುಂದೆ, ಅಂದರೆ ಅಪ್ಪನ ತಾಯಿಯ ಮುಂದೆ, ಒಂದು ಬೇಸಿಗೆಯಲ್ಲಿ ನಾನು ಕೆಲವು ದಿನ ಅವಳ ಕಿರಿ ಮಗನಾದ ನನ್ನ ಕಾಕಾ ಆಗಿ ಕೂತಿದ್ದೆ. ಅವನ ಸ್ವೆಟರು ತೊಟ್ಟು, ಅವನ ದನಿಯಲ್ಲಿ ಸತ್ಯವೇದ ಓದಿ, ಆಯಿ ನಂಬಿದಳೆಂದು ಪೂರ್ತಿ ನಂಬಿದ್ದೆ. ಆ ಸ್ವೆಟರು ಇವತ್ತು ಬೆಳಿಗ್ಗೆ ಟ್ರಂಕಿನ ತಳದಿಂದ ಎದ್ದು ಬಂತು. ಕಂದು ಬಣ್ಣದ್ದು, ಮೊಣಕೈಗೆ ತೇಪೆ. ಮೂಗಿಗೆ ಹಿಡಿದರೆ ಇನ್ನೂ ಹೊಲಿಗೆ ಮಷೀನಿನ ಎಣ್ಣೆಯ ವಾಸನೆ. ನನಗೆ ಆ ವಾಸನೆಯೆಂದರೆ ಬೆಳಗಿನ ಜಾವವೇ.

ನಮ್ಮೂರು ಮೈಲೂರಿನಲ್ಲಿ ಅಣಕಿಸುವ ನನ್ನ ಬಾಯಿಗೆ ಸಿಗದೆ ಉಳಿದವರು ಕಡಿಮೆ. ಪ್ರಾರ್ಥನೆಗೆ ಮೊದಲು ನಮ್ಮ ಪಾಸ್ಟರ್ ಬಿಡುವ ನಿಟ್ಟುಸಿರು, ಜನವಾಡದ ಬಸ್ಸಿನ ಕಂಡಕ್ಟರನ ಸೀಟಿ, ಅವ್ವನ ಬೈಗುಳ, ಎಲ್ಲವೂ ನನ್ನ ಗಂಟಲಲ್ಲಿದ್ದವು. ಪಿಯುಸಿ ನಪಾಸಾದ ಸುದ್ದಿಯನ್ನು ಮನೆಯಲ್ಲಿ ಪ್ರಿನ್ಸಿಪಾಲರ ದನಿಯಲ್ಲೇ ಹೇಳಿದ್ದೆ. ದನಿ ಅವರದಾದರೂ ಪೆಟ್ಟು ನನಗೇ ಬಿತ್ತು. ಕಾಕಾನ ದನಿಯಂತೂ ಬಹಳ ಸಲೀಸು. ಅವನು ದರ್ಜಿ. ವರ್ಷಗಟ್ಟಲೆ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಮಾತಾಡಿ, ಸೂಜಿ ಇಲ್ಲದಾಗಲೂ ಎಲ್ಲಿ ಬಿದ್ದೀತೋ ಎಂಬಂತೆ ತುಟಿ ಬಿಗಿದೇ ಮಾತಾಡುತ್ತಿದ್ದ.

ಅವನ ಅಂಗಡಿ ಔರಾದಿನಲ್ಲಿತ್ತು, ಆಯಿಯೂ ಅವನ ಜೊತೆಗೇ ಇದ್ದಳು. ರಜೆಗೆ ಹೋದಾಗಲೆಲ್ಲ ನೋಡುತ್ತಿದ್ದೆ. ಬೆಳಕು ಹರಿಯುವ ಮೊದಲು ಕಾಕಾ ಬಂದು "ಕುಂತೀಯೇನವ್ವಾ?" ಅನ್ನುವನು. "ಕುಂತೀನಪ್ಪಾ, ಓದು," ಅನ್ನುವಳು. ಆಯಿಗೆ ಅಕ್ಷರ ಬರುತ್ತಿರಲಿಲ್ಲ. ದಿನಕ್ಕೊಂದು ಅಧ್ಯಾಯ, ಆಮೇಲೆ ಚಹಾ ಕುದಿಯುವಷ್ಟು ಹೊತ್ತು ಮೌನ, ಆಮೇಲೆ ಓದಿದ್ದರಲ್ಲಿ ಮನಸ್ಸಿನಲ್ಲಿ ಉಳಿದದ್ದನ್ನು ಒಬ್ಬೊಬ್ಬರೂ ಹೇಳಬೇಕು. ಕಾಕಾನಿಗೆ ಯಾವಾಗಲೂ ಬಟ್ಟೆಯೇ ಉಳಿಯುತ್ತಿತ್ತು. ಆದಾಮ ಹವ್ವರಿಗೆ ದೇವರು ಚರ್ಮದ ಅಂಗಿ ತೊಡಿಸಿದ ಅಧ್ಯಾಯ ಓದಿದ ದಿನ, "ಮೊದಲ್ನೇ ದರ್ಜಿ ದೇವರೇ ನೋಡವ್ವಾ. ಅಳತಿ ಸುದ್ದಾ ತಗೊಂಡಿಲ್ಲ," ಅಂದ.

"ಅದು ಬಿಡು," ಅಂದಳು ಆಯಿ. "ನಿನ್ನಂಗ ಕ್ರಿಸ್ಮಸ್ಸಿಗಿ ಕೊಡ್ತೀನಂತ ಹೇಳಿ ಈಸ್ಟರಿಗಿ ಕೊಟ್ಟಿಲ್ಲಲ್ಲ."

ಆಮೇಲೆ ಮಳೆ ಕೈಕೊಟ್ಟ ವರ್ಷಗಳು ಒಂದರ ಹಿಂದೊಂದು ಬಂದವು. ಅಂಥ ವರ್ಷದಲ್ಲಿ ಹೊಸ ಅಂಗಿ ಯಾರು ಹೊಲಿಸುತ್ತಾರೆ ಹೇಳಿ. ಠಾಣಾ ಕುಶನೂರಿನ ಕಡೆಯಿಂದ ಗುಳೆ ಹೊರಟವರು ಚೀಲದ ಹಿಡಿಕೆ ಗಟ್ಟಿ ಮಾಡಿಸಿಕೊಳ್ಳಲು ಮಾತ್ರ ಅಂಗಡಿಗೆ ಬರುತ್ತಿದ್ದರು. ಎಲ್ಲರ ಚೀಲ ಹೊಲಿದಾದ ಮೇಲೆ ಕಾಕಾ ತನ್ನ ಚೀಲವನ್ನೂ ಹೊಲಿದುಕೊಂಡ. ಆಯಿಯನ್ನು ಮೈಲೂರಿನ ನಮ್ಮ ಮನೆಗೆ ಕರೆತಂದು ಬಿಟ್ಟ. ಬೇಸಿಗೆಗೆ ಯಾಕೆ ಭಾರವೆಂದು ಸ್ವೆಟರನ್ನೂ ನಮ್ಮ ಗೂಟಕ್ಕೇ ನೇತುಹಾಕಿದ. ಹೊರಡುವ ದಿನ ಓದಿದ್ದು ಅಬ್ರಹಾಮ ಬರಗಾಲಕ್ಕೆ ಊರು ಬಿಟ್ಟು ಐಗುಪ್ತಕ್ಕೆ ಇಳಿದು ಹೋದ ಅಧ್ಯಾಯ. ಯಾರೂ ಆರಿಸಿದ್ದಲ್ಲ, ಸಾಲಿನಲ್ಲಿ ಅದೇ ಬಂದಿತ್ತು. ಭಾಲ್ಕಿಯಲ್ಲಿ ಅವನನ್ನು ಪುಣೆ ಕಡೆಯ ರೈಲು ಹತ್ತಿಸುವಾಗ ನಾನು ಸ್ಟೇಷನ್ನಿನ ಅನೌನ್ಸ್‌ಮೆಂಟಿನ ಹೆಂಗಸಿನಂತೆ ಮಾತಾಡಿ ನಗಿಸಲು ನೋಡಿದೆ. ಯಾರೂ ನಗಲಿಲ್ಲ, ನನಗೂ ನಗು ಬರಲಿಲ್ಲ.

ಮಾರನೆಯ ದಿನ ಅವ್ವ ಓದಲು ಕೂತರೆ ಆಯಿ ಸತ್ಯವೇದದ ಮೇಲೆ ಅಂಗೈ ಇಟ್ಟಳು.

"ಅಂವ ನಿಲ್ಸಿದ ಜಾಗಾದಾಗೇ ಇರಲಿ. ಅಂವ ಬಂದು ಮುಂದ ಓದ್ತಾನ."

"ಅಂವ ಬರೋದು ಮಳಿ ಆದ ಮ್ಯಾಲ ಅತ್ತಿ," ಅಂದಳು ಅವ್ವ.

"ಹಂಗಾದ್ರ ಮಳಿ ಆಗಲಿ."

ಪುಸ್ತಕ ಮುಚ್ಚಿದ ದಿನದಿಂದ ಆಯಿಯ ಊಟವೂ ಅರ್ಧಕ್ಕೆ ಇಳಿಯಿತು. ಮುರಿದ ರೊಟ್ಟಿ ತಟ್ಟೆಯಲ್ಲೇ ಒಣಗುತ್ತಿತ್ತು. ಮುಚ್ಚಿದ ಪುಸ್ತಕ ಮಡಿಲಲ್ಲಿಟ್ಟುಕೊಂಡು ಹಗಲೂ ಜೋಂಪಿನಲ್ಲಿರುವಳು. ನಡುವೆ ಎಚ್ಚರಾಗಿ ಬೆಳಗಾಯಿತೇ ಎಂದು ಕೇಳುವಳು. ಅವಳು ಹೀಗೇ ಕರಗಿಹೋಗುತ್ತಾಳೆಂದು ಅವ್ವ ಒಲೆಯ ಮುಂದೆ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಅವ್ವನ ಅಳುವೊಂದನ್ನು ನಾನು ಯಾವತ್ತೂ ಅಣಕಿಸಿದವನಲ್ಲ.

ಅದಕ್ಕೇ ಒಂದು ಜಾವ ಗೂಟದ ಸ್ವೆಟರು ತೊಟ್ಟುಕೊಂಡೆ. ನಡುಬೇಸಿಗೆ, ಬೆವರು ಬೆನ್ನಗುಂಟ ಇಳಿಯುತ್ತಿತ್ತು. ಆಯಿಯ ಪಕ್ಕ ಕೂತು, ಇಲ್ಲದ ಗುಂಡುಸೂಜಿಯನ್ನು ತುಟಿಯಲ್ಲಿ ಕಚ್ಚಿ, "ಕುಂತೀಯೇನವ್ವಾ?" ಅಂದೆ.

ಸ್ವೆಟರಿನ ತೋಳಿನ ಮೇಲೆ ಅವಳ ಬೆರಳು ನಡೆದು ಬಂತು. "ಕುಂತೀನಪ್ಪಾ, ಓದು."

ಆ ದಿನಗಳು ನನಗೆ ಈಗಲೂ ನಿದ್ದೆಯಲ್ಲಿ ಕಂಡವುಗಳಂತೆಯೇ ಇವೆ. ಕಿಟಕಿಯಲ್ಲಿ ಬೂದು ಬೆಳಕು. ನನ್ನ ಬಾಯಿಂದ ಬರುವ ಕಾಕಾ. ಒಂಟೆ, ಬಾವಿ, ಗುಡಾರಗಳು ಆ ಸಣ್ಣ ಕೋಣೆಯಲ್ಲಿ ಹಾದು ಹೋಗುತ್ತಿದ್ದವು. ಮೌನದ ಹೊತ್ತಿನಲ್ಲಿ ನಾನು ಯಾರೆಂಬುದು ನನಗೇ ಮರೆತು, ಔರಾದಿನ ಅಂಗಡಿಯಲ್ಲಿ ಪೆಡಲು ತುಳಿಯುತ್ತಿದ್ದೇನೆ ಅನಿಸುತ್ತಿತ್ತು. ಉಳಿದದ್ದು ಹೇಳುವಾಗಲೂ ಎಲ್ಲಿಂದಲೋ ಒಂದು ಸೆರಗು, ಒಂದು ಗುಂಡಿ ಎಳೆದು ತರುತ್ತಿದ್ದೆ. ಬೆಳಕಾದ ಮೇಲೆ ಆ ಮಾತನ್ನು ಅವಳೂ ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ. ಆದರೆ ಆಯಿ ಇಡೀ ರೊಟ್ಟಿ ಉಣ್ಣತೊಡಗಿದಳು. ನನ್ನಂಥ ಕಲಾವಿದ ಬೀದರ್ ಜಿಲ್ಲೆಯಲ್ಲೇ ಇಲ್ಲವೆಂದು ನಾನು ಉಬ್ಬಿದೆ.

ದಿನಕ್ಕೊಂದರಂತೆ ಹೋದರೆ ಇಸಾಕನ ಮುಪ್ಪಿನ ಅಧ್ಯಾಯ ಬರಲೇಬೇಕಲ್ಲ. ಸಂಡೆ ಸ್ಕೂಲಿನಲ್ಲಿ ಟೀಚರನ್ನು ಅಣಕಿಸುತ್ತ ಕಾಲ ಕಳೆದವನಿಗೆ ಅದು ನೆನಪಿರಲಿಲ್ಲ. ಓದುತ್ತ ಹೋದೆ. ಮುದುಕನ ಕಣ್ಣು ಮಂಜಾಗಿದೆ. ದೊಡ್ಡ ಮಗ ದೂರ ಹೋಗಿದ್ದಾನೆ. ಚಿಕ್ಕವನು ಅಣ್ಣನ ಬಟ್ಟೆ ತೊಟ್ಟು, ಊಟ ಹಿಡಿದು ಬಂದು, ನಾನೇ ನಿನ್ನ ದೊಡ್ಡ ಮಗ ಅನ್ನುತ್ತಾನೆ. ಮುದುಕ ಕೈ ಸವರಿ ನೋಡುತ್ತಾನೆ, ಬಟ್ಟೆ ಮೂಸುತ್ತಾನೆ, ದನಿ ಮಾತ್ರ ಚಿಕ್ಕವನದಲ್ಲವೇ ಎಂದು ಅನುಮಾನಿಸುತ್ತಾನೆ.

ಸಾಲಿನ ಮೇಲೆ ಬೆರಳಿಟ್ಟು ನಾನು ತೊಟ್ಟ ಸ್ವೆಟರಿನ ತೋಳು ನೋಡಿಕೊಂಡೆ. ಅಷ್ಟರಲ್ಲಿ ಬೀದಿಯಿಂದ ಬಾಜೂ ಮನೆಯ ಖಾಲಾ ಕೂಗಿದಳು: "ಟ್ಯಾಂಕರ್ ಆಯಾ ಮಾಂ, ಘಡೇ ಲಾವ್!" ನೀರಿನ ಟ್ಯಾಂಕರಿಗೆ ಕೊಡ ಹಿಡಿದು ಓಡಲು ಅಷ್ಟು ಉತ್ಸಾಹ ನನಗೆ ಅದಕ್ಕೂ ಮೊದಲು ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಏಳಹೋದರೆ ಆಯಿ ತೋಳು ಹಿಡಿದಿದ್ದಳು.

"ನೀರು ನಿಮ್ಮವ್ವ ಹಿಡೀತಾಳ. ನೀ ಓದು."

ನಿಮ್ಮವ್ವ ಅಂದಳು. ಕಾಕಾನ ಅವ್ವ ಆಯಿಯೇ ಅಲ್ಲವೇ. ಉಳಿದರ್ಧ ಅಧ್ಯಾಯವನ್ನು ಓದಿದ್ದು ಯಾರ ದನಿಯೋ ನನಗೆ ಮೊದಲು ತಿಳಿಯಲಿಲ್ಲ. ತೆಳ್ಳಗೆ, ಅಲ್ಲಲ್ಲಿ ಒಡೆಯುತ್ತ, ಅಣಕಿಸಲು ಹಿಡಿಯೇ ಸಿಗದ ದನಿ. ನನ್ನದೇ ಅದು. ಮೌನದ ಹೊತ್ತು ಮುಗಿಯಿತು. ಇನ್ನು ಆಯಿ ಪುಸ್ತಕದ ಮೇಲೆ ಅಂಗೈ ಇಡುತ್ತಾಳೆ, ಅಲ್ಲಿಗೆ ಓದೂ ಮುಗಿಯಿತು, ರೊಟ್ಟಿಯೂ ಮುಗಿಯಿತು ಅಂದುಕೊಂಡೆ. ಉಳಿದದ್ದು ಹೇಳುವ ಸರದಿ ನನ್ನದು. "ಆಯಿ, ಇಸಾಕಗ ಗುರ್ತ ಹತ್ತಲಿಲ್ಲೇನು?" ಅಷ್ಟೇ ಉಳಿದಿತ್ತು.

ಮಳೆ ಬಂತು, ಕಾಕಾ ಬಂದ, ಔರಾದಿನಲ್ಲಿ ಮಷೀನು ಮತ್ತೆ ತಿರುಗಿತು. ಆಯಿ ಈಗಿಲ್ಲ. ಬೆಳಗಿನ ಅಧ್ಯಾಯ ಈಗ ನನ್ನ ಪಾಲಿಗೆ ಬಂದಿದೆ, ಈ ಒಡಕು ದನಿಯಲ್ಲೇ ಓದುತ್ತೇನೆ. ಇವತ್ತು ಸ್ವೆಟರು ಸಿಕ್ಕ ಖುಷಿಗೆ ತೊಟ್ಟು ಓದೋಣ ಅನಿಸಿ ಒಂದು ತೋಳಿಗೆ ಕೈ ತೂರಿಸಿದೆ, ಆಮೇಲೆ ಮಡಿಚಿ ಪಕ್ಕಕ್ಕಿಟ್ಟೆ. ಎಲ್ಲರ ದನಿಯನ್ನೂ ಹಿಡಿದ ನಾನು ಅವತ್ತಿನ ಆಯಿಯ ಉತ್ತರವನ್ನು ಮಾತ್ರ ಅವಳ ದನಿಯಲ್ಲಿ ಅಂದು ತೋರಿಸಲಾರೆ. ಮಾತು ಇಷ್ಟು:

"ಗುರ್ತ ಹತ್ತಿತ್ತೋ ಮಂಗ್ಯಾ. ಆದ್ರ ಮುದುಕಗ ಹಸಿವಿ ಆಗಿತ್ತು, ಉಂಡ. ನಾಳಿಂದ ಸ್ವೆಟರ್ ಬಿಚ್ಚಿಟ್ಟು ಕೂಡು. ಬ್ಯಾಸಗಿ ಅದ."