ಪೂಜೆಯ ಕಂಬ

ನನ್ನ ಸೋದರಮಾವನಿಗೆ ಇಳಕಲ್ ಊರ ಹೊರಗೆ ಗ್ರಾನೈಟ್ ಕತ್ತರಿಸುವ ಕಾರ್ಖಾನೆ ಇದೆ. ಕಟ್ಟಡ, ಕಂಬ, ತೊಲೆಗಳ ಗಟ್ಟಿತನ ಪರೀಕ್ಷಿಸುವುದು ಬಾಗಲಕೋಟೆಯಲ್ಲಿ ನನ್ನ ಹೊಟ್ಟೆಪಾಡು. ಬಳಗದವರ ಕೆಲಸ ಒಪ್ಪಿಕೊಳ್ಳಬೇಡಿ ಎಂದು ಬಹಳ ಮಂದಿಗೆ ಬುದ್ಧಿ ಹೇಳಿದವಳು ನಾನು. ಅವ್ವ ಫೋನ್ ಮಾಡಿದ ಮೇಲೆ ಆ ಬುದ್ಧಿ ನನ್ನಲ್ಲೇ ಉಳಿಯಲಿಲ್ಲ. ಹುನಗುಂದ ದಾಟುವವರೆಗೂ ನನ್ನನ್ನೇ ಬೈದುಕೊಂಡು ಹೋದೆ.

ಆ ಅಂಗಳದಲ್ಲಿ ನಾಲ್ಕು ಉಕ್ಕಿನ ಕಂಬ, ಅವುಗಳ ಮೇಲೆ ಉದ್ದನೆಯ ತೊಲೆಗಳು, ತೊಲೆಗಳ ಮೇಲೆ ಓಡಾಡುವ ಕ್ರೇನು. ಕೆಂಪು ಬಂಡೆಗಳನ್ನೆತ್ತಿ ಗರಗಸದ ಹತ್ತಿರ ಒಯ್ಯುವುದು ಅದರ ಕೆಲಸ. ಮಾಮಾ ಈಗ ಹಳೆಯದನ್ನು ಇಳಿಸಿ ಇನ್ನೂ ದೊಡ್ಡ ಕ್ರೇನು ಕೂರಿಸಿದ್ದ. ಆ ಹೊಸ ಭಾರವನ್ನು ಹಳೆ ಕಂಬಗಳು ತಡೆಯುತ್ತವೆಂದು ನಾನು ಬರೆದುಕೊಡಬೇಕಿತ್ತು. ಹೋಗಿ ನೋಡಿದರೆ ಮನೆಯ ಕೋಣೆಯಷ್ಟು ದೊಡ್ಡ ಬಂಡೆಗೆ ಆಗಲೇ ಸರಪಳಿ ಬಿಗಿದಾಗಿತ್ತು. ನನ್ನನ್ನು ಕರೆಸಿದ್ದು ಪರೀಕ್ಷೆಗೋ ಪ್ರಸಾದಕ್ಕೋ ಎಂದು ಸಿಟ್ಟು ನೆತ್ತಿಗೇರಿತು.

ಸರಪಳಿ ಬಿಗಿದವರು ಕಾರ್ಖಾನೆಯ ಹಳೆಯ ಕೆಲಸಗಾರ, ನಾವೆಲ್ಲ ಚಾಚಾ ಎಂದು ಕರೆಯುವವರು. ನಾನು ಲಂಗ ಉಡುತ್ತಿದ್ದ ಕಾಲದಿಂದ ಅವರು ಅಲ್ಲಿದ್ದಾರೆ. ಸರಪಳಿ ಬಿಗಿದು, ಗೇಟಿನ ಕಡೆಯ ಕಂಬಕ್ಕೆ ಒರಗಿ ನಿಂತು ಕ್ರೇನಿನವನಿಗೆ ಕೈಸನ್ನೆ ಮಾಡುತ್ತಾರೆ. ಅಲ್ಲಿಂದ ಅಂಗಳವೆಲ್ಲ ಕಾಣುತ್ತದೆ, ನೆರಳೂ ಇರುತ್ತದೆ.

ಲೆಕ್ಕವನ್ನು ನಾನು ಮನೆಯಲ್ಲೇ ಹಾಕಿದ್ದೆ. ಕಾಗದದ ಮೇಲೆ ಕಂಬಗಳು ಗಟ್ಟಿಯಾಗಿದ್ದವು. ಏಣಿ ಹತ್ತಿ ವೆಲ್ಡಿಂಗ್ ನೋಡಿದೆ, ಬೋಲ್ಟುಗಳಿಗೆ ಪಾನಾ ಹಾಕಿ ತಿರುವಿದೆ. ಕೆಳಗಿಳಿದು ಮೂರು ಕಂಬಗಳ ಬುಡಕ್ಕೆ ಸುತ್ತಿಗೆಯಿಂದ ಬಡಿದೆ. ಠಣ್ ಎಂದವು. ನಾಲ್ಕನೆಯದರ, ಗೇಟಿನ ಕಡೆಯದರ, ಬುಡ ಕಣ್ಣಿಗೇ ಕಾಣುತ್ತಿರಲಿಲ್ಲ. ವಿಭೂತಿ, ಕುಂಕುಮ, ಎಣ್ಣೆ, ಒಣಗಿದ ಚೆಂಡುಹೂವು, ಅದರ ಮೇಲೆ ದಸರೆಯ ಖಂಡೇ ಪೂಜೆಗೊಮ್ಮೆ ಬಳಿದ ಬಣ್ಣ. ಪ್ರತಿ ಅಮಾವಾಸ್ಯೆಗೆ ಮಾಮಾ ಆ ಕಂಬಕ್ಕೆ ಕೊಡ ನೀರು ಸುರಿದು, ಅದರ ಬುಡದಲ್ಲೇ ಕಾಯಿ ಒಡೆಯುತ್ತಿದ್ದ. ಉಳಿದ ಮೂರಕ್ಕೆ ಆ ಭಾಗ್ಯ ಇರಲಿಲ್ಲ.

ನಾನು ಕೆರೆಯಲು ಕೂತೆ. ಮಾಮಾ ನನ್ನ ಕೈ ಹಿಡಿದ.

“ಅಲ್ಲಿ ಕೈ ಹಚ್ಚಬ್ಯಾಡವ್ವಾ. ಅದು ದೇವರ ಜಾಗಾ.”

ಕ್ರೇನು ಈ ಮೂಲೆಗೆ ಬಂದಾಗ ಹೆಚ್ಚಿನ ಭಾರ ಬೀಳುವುದು ಇದರ ಮೇಲೆಯೇ, ಬುಡ ನೋಡದೆ ಸಹಿ ಮಾಡುವುದಿಲ್ಲ ಎಂದೆ. ಇಷ್ಟು ವರ್ಷ ಈ ಅಂಗಳದಲ್ಲಿ ಒಬ್ಬರ ಬೆರಳೂ ಜಜ್ಜಿಲ್ಲ, ಅದು ಯಾರ ದಯೆ ಅಂದುಕೊಂಡಿದ್ದೀ ಎಂದು ಅವನು ಕೇಳಿದ. ಕೆಲಸಗಾರರೆಲ್ಲ ನೋಡುತ್ತಿದ್ದರು. ಅವರೆದುರು ಸೋದರಸೊಸೆಯ ಮಾತಿಗೆ ತಲೆಬಾಗುವುದು ಅವನಿಂದಾಗಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು, ಬಂಡೆ ಎತ್ತು, ಇವಳಿಗೂ ಕಾಣಲಿ ಎಂದು ಕ್ರೇನಿನವನಿಗೆ ಹೇಳಿಬಿಟ್ಟ.

ಚಾಚಾ ಯಾವತ್ತಿನಂತೆ ಹೋಗಿ ಅದೇ ಕಂಬಕ್ಕೆ ಬೆನ್ನು ಕೊಟ್ಟು ನಿಂತರು. ಕ್ರೇನಿನವನ ಹೆಬ್ಬೆರಳು ರಿಮೋಟಿನ ಗುಂಡಿಯ ಮೇಲಿತ್ತು. ಕೂಗಿದರೆ ಯಾರೂ ಕೇಳುವುದಿಲ್ಲವೆಂದು ಗೊತ್ತಿತ್ತು. ಹೋಗಿ ಚಾಚಾನ ಪಕ್ಕದಲ್ಲೇ ನಿಂತೆ. ಧೈರ್ಯ ಗೀರ್ಯ ಏನಿಲ್ಲ, ಬರೀ ಸಿಟ್ಟು.

“ನಾ ಇಲ್ಲೇ ನಿಂದರ್ತೇನಿ ಮಾಮಾ. ಈಗ ಎತ್ತಸು.”

ಮಾಮಾ ನನ್ನನ್ನು ನೋಡಿದ. ಅವನ ಕೈ ತಾನಾಗಿ ಮೇಲೆದ್ದಿತು. ಬ್ಯಾಡೋ, ಬ್ಯಾಡ, ನಿಂದ್ರು ಎಂದು ಕ್ರೇನಿನವನಿಗೆ ಹೇಳಿದ. ಆಮೇಲೆ ನನ್ನ ಕಡೆ ತಿರುಗಿ, ಅದೇನು ಕೆರೆಯಬೇಕೋ ಕೆರಿ ಎಂದು ಗೊಣಗಿದ.

ಕುಂಕುಮದ ಗಟ್ಟಿ ಪದರ ಒಮ್ಮೆಲೇ ಕಿತ್ತು ಬಂತು. ಸುತ್ತಿಗೆ ಬಡಿದರೆ ದಬ್ ಎಂದಿತು, ಅಷ್ಟೇ. ತುಕ್ಕು ಹಪ್ಪಳದ ಹಾಗೆ ಎದ್ದು ಬರುತ್ತಿತ್ತು. ಅಮಾವಾಸ್ಯೆಯ ನೀರು, ಕಾಯಿಯ ನೀರು ಎಲ್ಲ ಇಳಿದು, ಆರಲು ಜಾಗವಿಲ್ಲದೆ ಅಲ್ಲೇ ನಿಂತು, ಉಕ್ಕನ್ನು ತಿಂದುಹಾಕಿತ್ತು. ನನ್ನ ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು.

ಮಾಮಾ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು ಆ ತೂತನ್ನು ಬೆರಳಿನಿಂದ ಮುಟ್ಟಿದ. ಆಮೇಲೆ ಚಾಚಾನ ಕಡೆ ಮುಖ ಎತ್ತಿದ.

“ನೀ ಇಲ್ಲಿ ನಿಂದರ್ತಿ ಅಂತನ, ನಾ ಇಲ್ಲಿ ಕಾಯಿ ಒಡೀತಿದ್ದೆ.”

ಅದು ಖರೆ ಎಂದು ನನಗೂ ಗೊತ್ತಿತ್ತು. ಚಾಚಾ ಹೆಗಲ ಮೇಲಿನ ಟವೆಲಿನಿಂದ ಬೆನ್ನಿಗೆ ಹತ್ತಿದ ಬಣ್ಣದ ಹಕ್ಕಳೆ ಝಾಡಿಸುತ್ತಿದ್ದರು.

“ಗೊತ್ತೈತ್ರಿ ಸಾವಕಾರ್ರ,” ಎಂದರು. “ಆದ್ರ ಇವತ್ತ ನಾ ಒಬ್ಬನ ನಿಂತಾಗ ನೀವು ಬ್ಯಾಡ ಅನ್ನಲಿಲ್ಲ.”

ಮಾಮಾ ಎದ್ದು ಹೋಗಿ, ಬಂಡೆಗೆ ಬಿಗಿದ ಸರಪಳಿಯನ್ನು ತಾನೇ ಬಿಚ್ಚತೊಡಗಿದ.